ನಾಟಕ ಯಾರದ್ದು, ಲೆಕ್ಕ ಯಾರಿಗೆ: ಸಿಸ್ಟ್ರೆನ್ ಕಟ್ಟಿದ ರಂಗಭೂಮಿ ಮತ್ತು ಅನುದಾನದ ರಾಜಕಾರಣ

2025ರ ಫೆಬ್ರುವರಿ 19ರಂದು ಅಮೆರಿಕದ ಅಧ್ಯಕ್ಷರು ಸಹಿ ಹಾಕಿದ ಆದೇಶವೊಂದು ನಾಲ್ಕು ಸಂಸ್ಥೆಗಳನ್ನು ಹೆಸರಿಸಿ, ಕಾನೂನಿನ ಪ್ರಕಾರ ಮಾಡಲೇಬೇಕಾದಷ್ಟು ಕೆಲಸವನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ನಿಲ್ಲಿಸಬೇಕೆಂದು ಹೇಳಿತು. ಆ ನಾಲ್ಕರಲ್ಲಿ ಇಂಟರ್-ಅಮೆರಿಕನ್ ಫೌಂಡೇಶನ್ ಒಂದು. 1969ರಲ್ಲಿ ಅಮೆರಿಕದ ಕಾಂಗ್ರೆಸ್ ಸ್ಥಾಪಿಸಿದ ಈ ಸಂಸ್ಥೆ ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಸಣ್ಣ ಸಣ್ಣ ಸಂಘಟನೆಗಳಿಗೆ, ಅಲ್ಲಿನ ಸರಕಾರಗಳನ್ನು ನಡುವೆ ತರದೆ, ನೇರವಾಗಿ ಹಣ ಕೊಡುತ್ತ ಬಂದಿತ್ತು. ಎರಡೂವರೆ ತಿಂಗಳ ನಂತರ, ಮೇ 2ರ ಶುಕ್ರವಾರ, ಅಮೆರಿಕದೊಳಗಿನ ನೂರಾರು ನಾಟಕ, ನೃತ್ಯ, ಸಾಹಿತ್ಯ ಸಂಸ್ಥೆಗಳಿಗೆ ಕಲೆಗೆ ಸರಕಾರದ ಹಣ ಹಂಚುವ ಅಲ್ಲಿನ ರಾಷ್ಟ್ರೀಯ ಕಲಾನಿಧಿಯಿಂದ ಇಮೇಲ್ ಹೋಯಿತು: ಮಂಜೂರಾಗಿದ್ದ ಅನುದಾನ ರದ್ದಾಗಿದೆ, ಇಲ್ಲವೇ ಹಿಂಪಡೆಯಲಾಗಿದೆ. ಪತ್ರಿಕೆಗಳ ಮಟ್ಟಿಗೆ ಒಂದು ವಿದೇಶಾಂಗ ನೀತಿಯ ಸುದ್ದಿ, ಇನ್ನೊಂದು ಸಂಸ್ಕೃತಿ ಪುಟದ ಸುದ್ದಿ. ಕಪ್ಪು ಸ್ತ್ರೀವಾದಿ ರಂಗಭೂಮಿಯ ಇತಿಹಾಸ ಬಲ್ಲವರಿಗೆ ಮಾತ್ರ ಎರಡೂ ‘ನಾಟಕ ಯಾರದ್ದು, ಲೆಕ್ಕ ಯಾರಿಗೆ’ ಎಂಬ ಒಂದೇ ಹಳೆಯ ಪ್ರಶ್ನೆಯ ಎರಡು ತುದಿಗಳಂತೆ ಕಂಡಿರಬೇಕು. ಆ ಪ್ರಶ್ನೆಯನ್ನು ಬಿಡಿಸಿ ನೋಡಲು ಜಮೈಕಾದ ದುಡಿಯುವ ಹೆಂಗಸರ ರಂಗಕೂಟವಾದ ಸಿಸ್ಟ್ರೆನ್ ಥಿಯೇಟರ್ ಕಲೆಕ್ಟಿವ್‌ಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಅದರ ಆರಂಭದ ವರ್ಷಗಳಲ್ಲಿ ಹಣ ಕೊಟ್ಟವರಲ್ಲಿ ಇದೇ ಇಂಟರ್-ಅಮೆರಿಕನ್ ಫೌಂಡೇಶನ್ ಕೂಡ ಇತ್ತು ಎಂಬುದು ಒಂದು ಕಾರಣ; ಹಣ ಬಂದ ಮೇಲೆ ಒಂದು ಕೂಟ ಏನಾಗುತ್ತದೆ ಎಂಬುದನ್ನು ಸ್ವತಃ ಆ ಕೂಟದೊಳಗಿನವರೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾರೆ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಜಮೈಕಾ ಸ್ವತಂತ್ರವಾದದ್ದು 1962ರಲ್ಲಿ. 1972ರಲ್ಲಿ ಅಧಿಕಾರಕ್ಕೆ ಬಂದ ಮೈಕೆಲ್ ಮ್ಯಾನ್ಲಿಯವರ ಸರಕಾರ ನಿರುದ್ಯೋಗವನ್ನು ಎದುರಿಸಲು ತಾತ್ಕಾಲಿಕ ಉದ್ಯೋಗ ಯೋಜನೆಯೊಂದನ್ನು ನಡೆಸಿತು. ಜನ ಅದನ್ನು ‘ಕ್ರ್ಯಾಶ್ ಪ್ರೋಗ್ರಾಂ’ ಎಂದು ಕರೆಯುತ್ತಿದ್ದರು. ಅದರಲ್ಲಿ ಕೆಲಸ ಸಿಕ್ಕವರಲ್ಲಿ ಬಹುಪಾಲು ಹೆಂಗಸರು, ಮತ್ತು ಆ ಹೆಂಗಸರಲ್ಲಿ ಬಹುಪಾಲಿನವರ ಕೈಗೆ ಬಂದದ್ದು ಬೀದಿ ಗುಡಿಸುವ ಪೊರಕೆ. ಪಕ್ಷದವರ ಶಿಫಾರಸು ಇದ್ದವರಿಗೆ ಮೊದಲ ಮಣೆ ಎಂಬ ದೂರು ಆಗಲೂ ಇತ್ತು, ಅದು ಸುಳ್ಳೇನೂ ಅಲ್ಲ. ಹೀಗೆ ಕೆಲಸಕ್ಕೆ ಬಂದವರಲ್ಲಿ ಕೆಲವರನ್ನು ಶಾಲೆಗಳಲ್ಲಿ ಶಿಕ್ಷಕರ ಸಹಾಯಕಿಯರಾಗಲು ತರಬೇತಿಗೆ ಆರಿಸಲಾಯಿತು. 1977ರ ಕಾರ್ಮಿಕ ಸಪ್ತಾಹದಲ್ಲಿ ತಾವೊಂದು ನಾಟಕ ಆಡಬೇಕೆಂದು ಅವರಿಗೆ ಅನ್ನಿಸಿತು. ಸಹಾಯ ಕೇಳಿ ಜಮೈಕಾ ಸ್ಕೂಲ್ ಆಫ್ ಡ್ರಾಮಾಕ್ಕೆ ಹೋದರು. ಅಲ್ಲಿಂದ ಬಂದವರು ಆಗಿನ್ನೂ ಯುವತಿಯಾಗಿದ್ದ ಹಾನರ್ ಫೋರ್ಡ್-ಸ್ಮಿತ್.

ಕಿಂಗ್‌ಸ್ಟನ್ನಿನ ಸ್ವಾಲೋಫೀಲ್ಡ್ ಎಂಬಲ್ಲಿ ಪಾಳುಬಿದ್ದಂತಿದ್ದ ಹಳೆಯ ಶಾಲಾ ಕಟ್ಟಡದಲ್ಲಿ ಮೊದಲ ಭೇಟಿ ನಡೆಯಿತು. ನಾಟಕ ಯಾವುದರ ಬಗ್ಗೆ ಇರಬೇಕು ಎಂದು ಫೋರ್ಡ್-ಸ್ಮಿತ್ ಕೇಳಿದರು. ಹೆಂಗಸರಾಗಿ ತಾವು ಪಡುವ ಪಾಡಿನ ಬಗ್ಗೆ, ಗಂಡಸರು ತಮ್ಮನ್ನು ನಡೆಸಿಕೊಳ್ಳುವ ಬಗೆಯ ಬಗ್ಗೆ ಎಂಬ ಉತ್ತರ ಬಂತು. ಆಗ ಹುಟ್ಟಿದ ಪುಟ್ಟ ನಾಟಕ ಬಟ್ಟೆ ಹೊಲಿಯುವ ಕಾರ್ಖಾನೆಯೊಂದರ ಹೆಂಗಸರು ಸಂಘ ಕಟ್ಟುವ ಕಥೆ. ಅದರ ಹೆಸರು ‘ಡೌನ್‌ಪ್ರೆಶನ್ ಗೆಟ್ ಎ ಬ್ಲೋ’. ‘ದಬ್ಬಾಳಿಕೆಗೊಂದು ಏಟು’ ಎನ್ನಬಹುದು. ಇಂಗ್ಲಿಷಿನಲ್ಲಿ ದಬ್ಬಾಳಿಕೆಗಿರುವ ‘ಅಪ್ರೆಶನ್’ ಎಂಬ ಪದದಲ್ಲಿ ‘ಅಪ್’ ಎಂದರೆ ‘ಮೇಲಕ್ಕೆ’ ಎಂದು ಕೇಳಿಸುತ್ತದೆ. ಕೆಳಕ್ಕೆ ತುಳಿಯುವುದಕ್ಕೆ ಮೇಲಕ್ಕೆತ್ತುವ ಸದ್ದೇಕೆ ಎಂದು ಜಮೈಕಾದ ಧಾರ್ಮಿಕ ಪಂಥವೊಂದರವರಾದ ರಾಸ್ತಫಾರಿಗಳು ಅದನ್ನು ‘ಡೌನ್‌ಪ್ರೆಶನ್’ ಮಾಡಿಕೊಂಡಿದ್ದರು. ‘ಸಿಸ್ಟ್ರೆನ್’ ಎಂಬ ಹೆಸರೂ ಅದೇ ಆಡುಮಾತಿನದು: ಬಳಗದ ಅಕ್ಕತಂಗಿಯರು ಎಂದರ್ಥ. ಕೂಟದಲ್ಲಿ ಇದ್ದವರು 13 ಮಂದಿ ದುಡಿಯುವ ವರ್ಗದ ಹೆಂಗಸರು.

ಅದೇ 1977ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನ ಕಪ್ಪು ಸ್ತ್ರೀವಾದಿಗಳ ಗುಂಪಾದ ಕೊಂಬಾಹೀ ರಿವರ್ ಕಲೆಕ್ಟಿವ್ ತನ್ನ ಪ್ರಸಿದ್ಧ ಹೇಳಿಕೆಯನ್ನು ಸಿದ್ಧಪಡಿಸಿತು. ಜನಾಂಗ, ವರ್ಗ, ಲಿಂಗ, ಲೈಂಗಿಕತೆ ಇವುಗಳ ದಬ್ಬಾಳಿಕೆಗಳು ಒಂದರೊಳಗೊಂದು ಹೆಣೆದುಕೊಂಡಿವೆ ಎಂಬ ವಾದಕ್ಕೆ ಕಪ್ಪು ಸ್ತ್ರೀವಾದದ ಪಠ್ಯಗಳು ಇಂದಿಗೂ ಅಲ್ಲಿಂದಲೇ ಆರಂಭಿಸುತ್ತವೆ. ಕಿಂಗ್‌ಸ್ಟನ್ನಿನ ಹೆಂಗಸರು ಹೇಳಿಕೆ ಬರೆಯಲಿಲ್ಲ, ನಾಟಕ ಆಡಿದರು. ಜನಸಂಖ್ಯೆಯ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಆಫ್ರಿಕನ್ ಮೂಲದವರೇ ಆಗಿರುವ ದೇಶದಲ್ಲಿ ವರ್ಣಭೇದವೆಂಬುದು ಬಿಳಿಯರಿಗೂ ಕರಿಯರಿಗೂ ನಡುವಿನ ಗೆರೆಯಷ್ಟೇ ಆಗಿರುವುದಿಲ್ಲ. ಮೈಬಣ್ಣ ಎಷ್ಟು ತಿಳಿ, ಇಂಗ್ಲಿಷ್ ಎಷ್ಟು ಶುದ್ಧ, ಮನೆ ಗುಡ್ಡದ ಮೇಲೋ ತಗ್ಗಿನ ವಠಾರದಲ್ಲೋ ಎಂಬ ನೂರು ಮೆಟ್ಟಿಲುಗಳಾಗಿ ಅದು ಇರುತ್ತದೆ. ಈ ಏಣಿಯ ಪರಿಚಯ ನಮ್ಮ ಓದುಗರಿಗೆ ಹೊಸದಾಗಿ ಮಾಡಿಸಬೇಕಿಲ್ಲ. ಫೋರ್ಡ್-ಸ್ಮಿತ್ ಸ್ವತಃ ತಿಳಿಬಣ್ಣದ, ಮಧ್ಯಮವರ್ಗದ, ಓದಿದ ಹೆಣ್ಣು. ಆ ಅಂತರವನ್ನು ಕೂಟ ಯಾವತ್ತೂ ಪೂರ್ತಿ ದಾಟಲಿಲ್ಲ.

ಇಲ್ಲಿ ಅವರು ಕೆಲಸ ಮಾಡುತ್ತಿದ್ದ ರೀತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಮುಂದಿನ ಜಗಳವೆಲ್ಲ ಈ ರೀತಿಗೆ ಸಂಬಂಧಪಟ್ಟದ್ದು. 1978ರ ‘ಬೆಲಿವುಮನ್ ಬ್ಯಾಂಗರ‍್ಯಾಂಗ್’ ಅವರ ಮೊದಲ ದೊಡ್ಡ ನಾಟಕ. ಬೆಲಿವುಮನ್ ಎಂದರೆ ಬಸುರಿ, ಬ್ಯಾಂಗರ‍್ಯಾಂಗ್ ಎಂದರೆ ರಂಪಾಟ. ಹದಿಹರೆಯದಲ್ಲೇ ಬಸಿರಾದ ಹುಡುಗಿಯರ ಕಥೆ ಅದು. ಬರೆದಿಟ್ಟ ನಾಟಕವನ್ನು ಬಾಯಿಪಾಠ ಮಾಡುವ ಪದ್ಧತಿ ಅವರಲ್ಲಿ ಇರಲಿಲ್ಲ. ಕೂಟದ ಒಬ್ಬೊಬ್ಬಳೂ ತಾನು ಮೊದಲ ಸಲ ಬಸಿರಾದಾಗ ಮನೆಯಲ್ಲಿ ಏನು ನಡೆಯಿತು, ತಾಯಿ ಏನೆಂದಳು, ಹುಡುಗ ಎಲ್ಲಿ ಮಾಯವಾದ ಎಂಬುದನ್ನು ಹೇಳಬೇಕು. ಉಳಿದವರು ಅದನ್ನು ಅಲ್ಲೇ ಎದ್ದು ನಿಂತು ಆಡಬೇಕು. ಆಡುವಾಗ ಸುಳ್ಳೆನಿಸಿದ ಜಾಗದಲ್ಲಿ ಕಥೆ ಹೇಳಿದವಳು ತಡೆದು ತಿದ್ದಬೇಕು. ಮಕ್ಕಳು ಕೈಕೈ ಹಿಡಿದು ಸುತ್ತುವ ಉಂಗುರದಾಟ, ಒಗಟು, ಹಾಡು ಇವು ಸಂಭಾಷಣೆಯಷ್ಟೇ ಭಾರ ಹೊರುತ್ತಿದ್ದವು. ಬಾಲ್ಯದಲ್ಲಿ ಆಡಿದ ಅದೇ ಆಟ ಹುಡುಗಿಯನ್ನು ಹೆಂಗಸಾಗಿಸುವ ಪಾಠವೂ ಆಗಿರುತ್ತದೆ ಎಂಬುದನ್ನು ಮಾತಿಲ್ಲದೆ ತೋರಿಸಲು ಅದಕ್ಕಿಂತ ಸರಿಯಾದ ದಾರಿ ಬೇರೆ ಇರಲಿಲ್ಲ. ಕೆಲವರಿಗೆ ಓದುಬರಹ ಕಷ್ಟವಾಗಿದ್ದರಿಂದ ನಾಟಕದ ಜೊತೆಜೊತೆಗೇ ಅಕ್ಷರಾಭ್ಯಾಸವೂ ನಡೆಯಿತು. ತಾವೇ ಆಡಿದ ಮಾತನ್ನು ಕಾಗದದ ಮೇಲೆ ಗುರುತಿಸುತ್ತ ಓದು ಕಲಿಯುವುದು ಎಂದರೆ ನಾಟಕದ ಪ್ರತಿಯೇ ಪಾಠಪುಸ್ತಕವಾದಂತೆ. ಭಾಷೆ ಪಾಟ್ವಾ, ಅಂದರೆ ಜಮೈಕಾದ ಬಡವರು ಮನೆಯಲ್ಲೂ ಸಂತೆಯಲ್ಲೂ ಆಡುವ, ಶಾಲೆಯಲ್ಲಿ ಆಡಿದರೆ ಬೈಸಿಕೊಳ್ಳುವ ಭಾಷೆ. ಗ್ರಂಥಸ್ಥ ಕನ್ನಡದ ಎದುರು ತಮ್ಮ ಊರಿನ ಮಾತನ್ನು ನುಂಗಿಕೊಂಡು ಬೆಳೆದವರಿಗೆ, ರಂಗದ ಮೇಲೆ ಆ ಮಾತು ಕೇಳಿದಾಗ ಸಭೆಯಲ್ಲಿ ಏಳುವ ನಗು ಎಂಥದ್ದೆಂದು ವಿವರಿಸಬೇಕಿಲ್ಲ.

ಈ ನಾಟಕ ನಡೆದ ಬಾರ್ನ್ ಥಿಯೇಟರ್ ಕಿಂಗ್‌ಸ್ಟನ್ನಿನ ಮನೆಯೊಂದರ ಕಾರ್ ಗ್ಯಾರೇಜಿನಲ್ಲಿ ಹುಟ್ಟಿದ್ದು. ಅದನ್ನು ಕಟ್ಟಿದವರಲ್ಲೊಬ್ಬರಾದ ಯ್ವಾನ್ ಬ್ರೂಸ್ಟರ್ ಮುಂದೆ ಲಂಡನ್ನಿನಲ್ಲಿ ತಲಾವಾ ಎಂಬ ಕಪ್ಪು ರಂಗತಂಡವನ್ನೂ ಕಟ್ಟಿದರು.

1980ರ ಮೇ 20ರಂದು ಕಿಂಗ್‌ಸ್ಟನ್ನಿನ ಈವೆಂಟೈಡ್ ಎಂಬ ಬಡವರ ಆಶ್ರಮಕ್ಕೆ ಬೆಂಕಿ ಬಿದ್ದು 153 ಮಂದಿ ವೃದ್ಧ ಹೆಂಗಸರು ಸತ್ತರು. ಹಳೆಯ ಮರದ ಕಟ್ಟಡ. ಚುನಾವಣೆಯ ವರ್ಷ, ಕಿಂಗ್‌ಸ್ಟನ್ನಿನ ಓಣಿಗಳಲ್ಲಿ ಗುಂಡಿನ ಸದ್ದು ದಿನನಿತ್ಯದ್ದಾಗಿತ್ತು. ಆ ವರ್ಷ ಹಿಂಸೆಗೆ 800ಕ್ಕೂ ಹೆಚ್ಚು ಮಂದಿ ಬಲಿಯಾದರು. ಬೆಂಕಿ ಇಟ್ಟವರು ಯಾರು ಎಂಬುದೇ ರಾಜಕೀಯ ಪಕ್ಷಗಳ ಜಗಳವಾಗಿ, ಸತ್ತವರು ಯಾರು ಎಂಬ ಪ್ರಶ್ನೆ ಹಿಂದೆ ಸರಿಯಿತು. ಸಿಸ್ಟ್ರೆನ್ 1981ರಲ್ಲಿ ಆಡಿದ ‘ಕ್ಯೂಪಿಎಚ್’ ಹಿಂದೆ ಸರಿದ ಆ ಪ್ರಶ್ನೆಯನ್ನೇ ಎತ್ತಿಕೊಂಡಿತು. ಕ್ವೀನಿ, ಪರ್ಲಿ, ಹೋಪಿ ಎಂಬ ಮೂವರು ಮುದುಕಿಯರ ಹೆಸರಿನ ಮೊದಲಕ್ಷರಗಳೇ ನಾಟಕದ ಹೆಸರು. ಒಬ್ಬೊಬ್ಬಳೂ ಯಾವ ದಾರಿಯಲ್ಲಿ ಆ ಆಶ್ರಮದ ಮಂಚಕ್ಕೆ ಬಂದು ಸೇರಿದಳು ಎಂಬುದನ್ನು ನಾಟಕ ಹಿಮ್ಮುಖವಾಗಿ ನಡೆದು ಹೇಳುತ್ತದೆ. ನಿರ್ದೇಶಿಸಿದ ಹರ್ಟೆನ್ಸರ್ ಲಿಂಡ್ಸೆ ಇದಕ್ಕೆ ಚೌಕಟ್ಟಾಗಿ ಇಟ್ಟದ್ದು ಎಟು ಎಂಬ, ಪಶ್ಚಿಮ ಆಫ್ರಿಕದ ಯೊರುಬಾ ಜನರ ಮೂಲದ, ಸತ್ತ ಹಿರಿಯರನ್ನು ಕರೆದು ಗೌರವಿಸುವ ಕುಣಿತದ ಆಚರಣೆಯನ್ನು. ಬದುಕಿದ್ದಾಗ ಯಾರೂ ಕರೆಯದ ಹೆಂಗಸರನ್ನು ಸತ್ತ ಮೇಲೆ ಹೆಸರಿಟ್ಟು ಕರೆಯುವ ರಂಗ ಇದು. ಕೂಟದ ನಾಟಕಗಳಲ್ಲಿ ಇದೇ ಶ್ರೇಷ್ಠವೆಂಬುದು ನನ್ನ ಎಣಿಕೆ; ಇದಕ್ಕೆ ಮುಂಚಿನ ‘ನಾನಾ ಯಾ’ದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಸ್ವತಂತ್ರವಾಗಿ ಬದುಕಿದ ಮರೂನರ ವೀರನಾಯಕಿ ನ್ಯಾನಿ ಇದ್ದಳು, ಆದರೆ ವೀರನಾಯಕಿಯ ನಾಟಕ ಮಾಡುವುದಕ್ಕಿಂತ ಆಶ್ರಮದ ಮುದುಕಿಯ ನಾಟಕ ಮಾಡುವುದು ಕಷ್ಟ.

1980ರ ಅಕ್ಟೋಬರ್ ಚುನಾವಣೆಯಲ್ಲಿ ಮ್ಯಾನ್ಲಿ ಸೋತರು. ಎಡ್ವರ್ಡ್ ಸೀಗಾ ಅವರ ಸರಕಾರ ಐಎಂಎಫ್ ಮತ್ತು ವಿಶ್ವಬ್ಯಾಂಕಿನ ಷರತ್ತುಗಳ ಪ್ರಕಾರ ಸಾರ್ವಜನಿಕ ವೆಚ್ಚಕ್ಕೆ ಕತ್ತರಿ ಹಾಕುತ್ತ ಹೋಯಿತು. ಐಎಂಎಫ್ ಜೊತೆಗಿನ ಒಪ್ಪಂದ ಮ್ಯಾನ್ಲಿಯವರ ಕಾಲದಲ್ಲೇ, 1977ರಲ್ಲೇ ಆರಂಭವಾಗಿತ್ತು ಎಂಬುದನ್ನೂ ಹೇಳಬೇಕು. ಬಡ ಹೆಂಗಸರ ರಂಗತಂಡವೊಂದಕ್ಕೆ ತನ್ನ ಸರಕಾರದ ಆಸರೆ ತಪ್ಪಿದ ಹೊತ್ತಿಗೆ ಹೊರದೇಶಗಳ ದಾನಿ ಸಂಸ್ಥೆಗಳ ಬಾಗಿಲು ತೆರೆದಿತ್ತು. ಬಟ್ಟೆಯ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡಿ ಮಾರುವ ಘಟಕ, ಸಂಶೋಧನೆ, ಪತ್ರಿಕೆ, ಹಳ್ಳಿಗಳಲ್ಲಿ ಕಾರ್ಯಾಗಾರ ಹೀಗೆ ಕೆಲಸ ಹರಡಿತು. ಹರಡಿದ ಕೆಲಸದಲ್ಲಿ ಒಳ್ಳೆಯದು ಬಹಳಷ್ಟಿದೆ. ಕ್ಲಾರೆಂಡನ್ ಪ್ರಾಂತ್ಯದ ಕಬ್ಬಿನ ತೋಟಗಳಲ್ಲಿ ದುಡಿಯುವ ಹೆಂಗಸರ ನಡುವೆ ಅವರು ನಡೆಸಿದ ಕಾರ್ಯಾಗಾರಗಳು 1985ರ ‘ಸ್ವೀಟ್ ಶುಗರ್ ರೇಜ್’ ಎಂಬ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿವೆ. ಗಂಡಸರಿಗಿಂತ ಕಡಿಮೆ ಕೂಲಿ, ಹೆಂಗಸರ ಮಾತಿಗೆ ಕಿವಿಗೊಡದ ಸಂಘ ಇವು ಅಲ್ಲಿನ ಸಂಗತಿ. ಕೂಟದವರು ತೋಟದಲ್ಲಿ ಕೇಳಿದ ಒಬ್ಬ ಹೆಂಗಸಿನ ಸಮಸ್ಯೆಯನ್ನು ನಗರದ ಹೆಂಗಸರ ಮುಂದೆ ಆಡಿ ತೋರಿಸಿ, ಬಿಕ್ಕಟ್ಟಿನ ಘಟ್ಟದಲ್ಲಿ ನಿಲ್ಲಿಸಿ, ಇವಳು ಈಗ ಏನು ಮಾಡಬೇಕು ಎಂದು ಕೇಳುತ್ತಾರೆ. ನೋಡುತ್ತಿದ್ದವರು ಎದ್ದು ಬಂದು ಆಡಿ ತೋರಿಸುತ್ತಾರೆ. ಬೀದಿನಾಟಕ ಕಂಡವರಿಗೆ ಇದು ಪರಿಚಿತವೆನಿಸಬಹುದು, ಆದರೆ ಇಲ್ಲಿ ಆಡುವವರು ಕೂಲಿಯವರ ಪರವಾಗಿ ಬಂದ ಓದಿದವರಲ್ಲ, ನಿನ್ನೆ ಮೊನ್ನೆಯವರೆಗೆ ಪೊರಕೆ ಹಿಡಿದವರೇ.

ಫೋರ್ಡ್-ಸ್ಮಿತ್ 1989ರಲ್ಲಿ ಪ್ರಕಟಿಸಿದ ‘ರಿಂಗ್ ಡಿಂಗ್ ಇನ್ ಎ ಟೈಟ್ ಕಾರ್ನರ್’ ಎಂಬ ಅಧ್ಯಯನದ ವಿಷಯ ಅನುದಾನ ಮತ್ತು ಕೂಟದೊಳಗಿನ ಪ್ರಜಾಪ್ರಭುತ್ವ. ಇಕ್ಕಟ್ಟಿನ ಮೂಲೆಯಲ್ಲಿ ಕುಣಿತ ಎಂಬ ಹೆಸರೇ ಸಾಕಷ್ಟು ಹೇಳುತ್ತದೆ. ದಾನಿಗಳು ದುರುದ್ದೇಶದಿಂದ ಬಂದವರು ಎಂದು ಅದು ಹೇಳುವುದಿಲ್ಲ, ಹಾಗೆ ಹೇಳಿದ್ದರೆ ಓದಿ ಮರೆಯಬಹುದಿತ್ತು. ಅದು ತೋರಿಸುವುದು ಹಣದ ಆಕಾರವನ್ನು. ದಾನಿ ಸಂಸ್ಥೆ ಹಣ ಕೊಡುವುದು ಯೋಜನೆಗೆ. ಯೋಜನೆಗೆ ಆರಂಭ, ಅಂತ್ಯ ಮತ್ತು ಕೈಗೆ ಸಿಗುವ ಫಲ ಇರಬೇಕು. ಒಬ್ಬಳು ತನ್ನ ಕಥೆ ಹೇಳಲು ಧೈರ್ಯ ತಂದುಕೊಳ್ಳುವವರೆಗೆ ಉಳಿದವರು ಕಾಯುವ ಮೂರು ತಿಂಗಳು ಯಾವ ವರದಿಯ ಯಾವ ಕಲಮಿನಲ್ಲೂ ಕೂರುವುದಿಲ್ಲ. ಪ್ರಸ್ತಾವ ಬರೆಯಲು, ಲೆಕ್ಕ ಒಪ್ಪಿಸಲು, ದಾನಿಯ ಪ್ರತಿನಿಧಿ ಬಂದಾಗ ಮಾತಾಡಲು ಶುದ್ಧ ಇಂಗ್ಲಿಷ್ ಬಲ್ಲವರು ಬೇಕು. ಆದ್ದರಿಂದ ಎಲ್ಲರೂ ಸಮಾನರೆಂದು ಹೊರಟ ಕೂಟದಲ್ಲಿ ಓದಿದವರ ಮೇಜು ತಾನಾಗಿ ದೊಡ್ಡದಾಗುತ್ತದೆ, ಅದನ್ನು ಯಾರೂ ಬಯಸದಿದ್ದರೂ. ಇತ್ತ ಎಲ್ಲ ತೀರ್ಮಾನಗಳನ್ನೂ ಎಲ್ಲರೂ ಕೂತು ಮಾಡಬೇಕೆಂಬ ನಿಯಮ, ಅತ್ತ ತಿಂಗಳ ಕೊನೆಗೆ ಮುಗಿಯಬೇಕಾದ ವರದಿ. ನಡುವೆ ಸಿಕ್ಕ ಹೆಂಗಸರು ತಾಲೀಮಿಗೆ ಬರುವ ಹೊತ್ತಿಗೆ ದಣಿದಿರುತ್ತಾರೆ. ಸ್ವತಃ ಆ ಮೇಜಿನ ಮುಂದೆ ಕೂತಿದ್ದವರೇ ಇದನ್ನು ಬರೆದದ್ದರಿಂದ ಅದಕ್ಕೆ ತೂಕ ಹೆಚ್ಚು.

ಇದೇ ಬಿರುಕು ಅಕ್ಷರರೂಪದಲ್ಲಿ ಕಾಣಿಸಿದ್ದು 1986ರ ‘ಲಯನ್‌ಹಾರ್ಟ್ ಗ್ಯಾಲ್’ ಎಂಬ ಜೀವನಕಥೆಗಳ ಪುಸ್ತಕದಲ್ಲಿ. ಹೇಳಿದವರು ಕೂಟದ ಹೆಂಗಸರು, ಸಂಪಾದಿಸಿ ರೂಪಕೊಟ್ಟವರು ಫೋರ್ಡ್-ಸ್ಮಿತ್, ಪ್ರಕಟವಾದದ್ದು ಲಂಡನ್ನಿನಲ್ಲಿ. ಕಥೆಗಳ ಬಹುಭಾಗ ಪಾಟ್ವಾದಲ್ಲಿ, ಮುನ್ನುಡಿ ಶಿಷ್ಟ ಇಂಗ್ಲಿಷಿನಲ್ಲಿ. ಜಮೈಕಾದ ವಿಮರ್ಶಕಿ ಕ್ಯಾರೊಲಿನ್ ಕೂಪರ್ ಈ ವಿಭಜನೆಯನ್ನೇ ಹಿಡಿದು, ಅನುಭವ ಒಂದು ಭಾಷೆಯಲ್ಲಿ, ಅದರ ವಿಶ್ಲೇಷಣೆ ಇನ್ನೊಂದು ಭಾಷೆಯಲ್ಲಿ ಏಕಿರಬೇಕು ಎಂದು ಪ್ರಶ್ನಿಸಿದರು. ಪ್ರಶ್ನಿಸಿದ್ದಷ್ಟೇ ಅಲ್ಲ, ತಮ್ಮ ಪ್ರಬಂಧದ ಒಂದು ಭಾಗವನ್ನು ಪಾಟ್ವಾದಲ್ಲೇ ಬರೆದು, ಆ ಭಾಷೆ ಅಳುವುದಕ್ಕೆ ಮಾತ್ರವಲ್ಲ, ತರ್ಕಕ್ಕೂ ಒದಗುತ್ತದೆ ಎಂದು ತೋರಿಸಿಕೊಟ್ಟರು.

ಜಮೈಕಾದ ಆಚೆಗೂ ಇದೇ ಹೊತ್ತಿಗೆ ಇಂಥ ಪ್ರಯತ್ನಗಳು ನಡೆದಿದ್ದವು. ಬ್ರಿಟನ್ನಿನಲ್ಲಿ ಬರ್ನಾರ್ಡಿನ್ ಎವರಿಸ್ಟೊ, ಪ್ಯಾಟ್ರಿಷಿಯಾ ಹಿಲೇರ್, ಪಾಲೆಟ್ ರಾಂಡಲ್ 1982ರಲ್ಲಿ ಥಿಯೇಟರ್ ಆಫ್ ಬ್ಲ್ಯಾಕ್ ವಿಮೆನ್ ಕಟ್ಟಿದರು. 1988ರಲ್ಲಿ ಅನುದಾನ ನಿಂತಾಗ ತಂಡವೂ ನಿಂತಿತು. ನ್ಯೂಯಾರ್ಕಿನಲ್ಲಿ ಜಾವೊಲೆ ವಿಲ್ಲಾ ಜೋ ಝೊಲಾರ್ 1984ರಲ್ಲಿ ಆರಂಭಿಸಿದ ಅರ್ಬನ್ ಬುಷ್ ವಿಮೆನ್ ಎಂಬ ನೃತ್ಯತಂಡ ಮಾತ್ರ ನಾಲ್ಕು ದಶಕ ದಾಟಿ ನಿಂತಿದೆ. ನಿತಂಬವನ್ನು ಒಳಗೆಳೆದುಕೊಂಡು ನಿಲ್ಲಬೇಕೆಂಬ ಬ್ಯಾಲೆಯ ಶಿಸ್ತಿಗೆ ಉತ್ತರವಾಗಿ ಅದೇ ನಿತಂಬವನ್ನು ಸಂಭ್ರಮಿಸುವ ನೃತ್ಯ ಕಟ್ಟಿದವರು ಇವರು. 2001ರ ‘ಹೇರ್ ಸ್ಟೋರೀಸ್’ ಎಂಬ ಕೃತಿಯ ಸುತ್ತ ಮನೆಗಳ ಹಜಾರಗಳಲ್ಲಿ, ಕೂದಲಂಗಡಿಗಳಲ್ಲಿ ಹೆಂಗಸರನ್ನು ಸೇರಿಸಿ ಕೂದಲಿನ ಬಗ್ಗೆ ಮಾತಾಡಿಸುವ ‘ಹೇರ್ ಪಾರ್ಟಿ’ಗಳನ್ನು ನಡೆಸಿದರು, ಗುಂಗುರು ಕೂದಲನ್ನು ನೇರ ಮಾಡಿಕೊಳ್ಳದೆ ಕೆಲಸಕ್ಕೆ ಹೋಗಬಹುದೇ ಎಂಬಲ್ಲಿ ಆರಂಭವಾದ ಮಾತು ಗುಲಾಮಗಿರಿಯ ನೆನಪಿನವರೆಗೆ ಹೋಗುತ್ತಿತ್ತು. 2020ರಲ್ಲಿ ಫೋರ್ಡ್ ಫೌಂಡೇಶನ್ ‘ಅಮೆರಿಕದ ಸಾಂಸ್ಕೃತಿಕ ನಿಧಿಗಳು’ ಎಂದು ಆರಿಸಿದ 20 ಸಂಸ್ಥೆಗಳಲ್ಲಿ ಈ ತಂಡವೂ ಇತ್ತು. 36 ವರ್ಷ ಕುಣಿದ ಮೇಲೆ ಸಿಕ್ಕ ನಿಧಿ.

ಈಗ 2025ಕ್ಕೆ ಮರಳಬಹುದು. ಆ ವರ್ಷ ನಡೆದದ್ದರ ವಿವರ ಸ್ಪಷ್ಟವಿದೆ. ವೈವಿಧ್ಯ, ಸಮತೆ, ಒಳಗೊಳ್ಳುವಿಕೆಯ ಕಾರ್ಯಕ್ರಮಗಳನ್ನು ಕಾನೂನುಬಾಹಿರವೆನಿಸುವಂತೆ ನಡೆಸುವುದಿಲ್ಲ, ‘ಲಿಂಗ ಸಿದ್ಧಾಂತ’ವನ್ನು (ಹುಟ್ಟಿನ ಲಿಂಗಕ್ಕಿಂತ ಬೇರೆಯಾದ ಲಿಂಗ ಗುರುತನ್ನು ಒಪ್ಪುವ ನಿಲುವಿಗೆ ಸರಕಾರ ಇಟ್ಟ ಹೆಸರು) ಪ್ರಚಾರ ಮಾಡುವುದಿಲ್ಲ ಎಂದು ಅರ್ಜಿದಾರರು ಮುಚ್ಚಳಿಕೆ ಬರೆದುಕೊಡಬೇಕೆಂದು ರಾಷ್ಟ್ರೀಯ ಕಲಾನಿಧಿ ಫೆಬ್ರುವರಿಯಲ್ಲಿ ಹೇಳಿತು, ಹಿಂದುಳಿದ ಸಮುದಾಯಗಳ ನಡುವೆ ಕೆಲಸ ಮಾಡುವ ಸಣ್ಣ ತಂಡಗಳಿಗಿದ್ದ ‘ಚಾಲೆಂಜ್ ಅಮೆರಿಕ’ ಅನುದಾನವನ್ನು 2026ರ ಸಾಲಿಗೆ ಕೈಬಿಟ್ಟಿತು. ರೋಡ್ ಐಲೆಂಡ್ ಲ್ಯಾಟಿನೊ ಆರ್ಟ್ಸ್ ಮತ್ತಿತರ ರಂಗಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. ಲಿಂಗ ಸಿದ್ಧಾಂತದ ಹೆಸರಿನ ನಿರ್ಬಂಧ ಸಂವಿಧಾನದ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸೆಪ್ಟೆಂಬರ್‌ನಲ್ಲಿ ಫೆಡರಲ್ ನ್ಯಾಯಾಧೀಶರು ತೀರ್ಪಿತ್ತರು. ಕಪ್ಪು ಹೆಣ್ಣಿನ ಮೈ, ಕೂದಲು, ಬಸಿರು ಇವೇ ವಸ್ತುವಾದ ರಂಗಭೂಮಿಗೆ ಇಂಥ ಮುಚ್ಚಳಿಕೆಯ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ವಸ್ತುವನ್ನೇ ಬಿಟ್ಟುಕೊಡುವುದಾದರೆ ಮಾತ್ರ ಸಹಿ ಹಾಕಬಹುದಿತ್ತು.

ಆದರೆ ಈ ಬಹಿರಂಗ ದಾಳಿಯನ್ನು ಮಾತ್ರ ನೋಡಿದರೆ ಅದಕ್ಕೆ ಮುಂಚೆ ಎಲ್ಲವೂ ಸರಿಯಿತ್ತು ಎಂಬ ಭ್ರಮೆ ಹುಟ್ಟುತ್ತದೆ. ನಾಲ್ವರು ಪ್ರದರ್ಶನ ಕಲಾವಿದರ ಅನುದಾನವನ್ನು 1990ರಲ್ಲಿ ತಡೆಹಿಡಿದ ಪ್ರಕರಣದಿಂದ ಆರಂಭವಾದ ಜಗಳದ ಕೊನೆಗೆ, ತೊಂಬತ್ತರ ದಶಕದ ನಡುವೆ, ಅಮೆರಿಕದ ಕಾಂಗ್ರೆಸ್ ಕಲಾನಿಧಿಯಿಂದ ವ್ಯಕ್ತಿಗತವಾಗಿ ಕಲಾವಿದರಿಗೆ ಸಿಗುತ್ತಿದ್ದ ನೆರವನ್ನು ಸಾಹಿತ್ಯದಂಥ ಒಂದೆರಡು ಕ್ಷೇತ್ರ ಬಿಟ್ಟು ನಿಲ್ಲಿಸಿಬಿಟ್ಟಿತು. ಉಳಿದದ್ದು ಸಂಸ್ಥೆಗಳ ಯೋಜನೆಗಳಿಗೆ, ಅದೂ ಸಾಮಾನ್ಯವಾಗಿ ಅಷ್ಟೇ ಮೊತ್ತವನ್ನು ಬೇರೆಡೆಯಿಂದ ತಂದು ತೋರಿಸಿದವರಿಗೆ. ಉಳಿದಿದ್ದ ಸಾಹಿತ್ಯ ಫೆಲೋಶಿಪ್ಪನ್ನೂ 2025ರ ಆಗಸ್ಟ್‌ನಲ್ಲಿ ರದ್ದುಮಾಡಲಾಯಿತು. ಅಂದರೆ ಮೇ 2ರ ಇಮೇಲ್ ಬರುವುದಕ್ಕೆ ಮೂವತ್ತು ವರ್ಷ ಮುಂಚೆಯೇ ಅಮೆರಿಕದ ಸಾರ್ವಜನಿಕ ಹಣ ಕಲಾವಿದೆಯ ಕೈಬಿಟ್ಟು ಯೋಜನೆಯ ಕೈಹಿಡಿದಿತ್ತು. ಫೋರ್ಡ್-ಸ್ಮಿತ್ 1989ರ ಅಧ್ಯಯನದಲ್ಲಿ ಬರೆದದ್ದು ಇದೇ ಕಾಯಿಲೆಯ ಲಕ್ಷಣಗಳನ್ನು.

ಸಿಸ್ಟ್ರೆನ್‌ನ ಮೊದಲ ನಾಟಕದ ಖರ್ಚನ್ನು ಯಾರು ಕೊಟ್ಟರು ಎಂದು ಕೇಳಿಕೊಂಡರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಆ ನಾಟಕಕ್ಕೆ ಅನುದಾನವೇ ಇರಲಿಲ್ಲ. ಹೆಂಗಸರಿಗೆ ಸರಕಾರಿ ಯೋಜನೆಯ ಕೂಲಿ ಇತ್ತು, ಕಲಿಸಲು ಬಂದವರಿಗೆ ನಾಟಕ ಶಾಲೆಯ ಸಂಬಳ ಇತ್ತು, ಪಾಳು ಶಾಲೆಯ ಕೋಣೆ ಇತ್ತು. ಕೂಲಿ ಕಡಿಮೆ, ಪಕ್ಷದ ಹಂಗಿನದು, ಯಾವಾಗ ಬೇಕಾದರೂ ನಿಲ್ಲಬಹುದಾದದ್ದು; ಅದನ್ನು ಚಿನ್ನದ ಕಾಲವೆಂದು ಹಾಡಬೇಕಿಲ್ಲ. ಆದರೆ ಆ ಕೂಲಿ ಏನು ನಾಟಕ ಆಡುತ್ತೀರಿ, ಎಷ್ಟು ಜನರಿಗೆ ಪ್ರಯೋಜನವಾಯಿತು ಎಂದು ಕೇಳುತ್ತಿರಲಿಲ್ಲ. ಈ ವ್ಯತ್ಯಾಸವನ್ನು ಗುರುತಿಸಿದ ಪ್ರಯೋಗಗಳು ಇತ್ತೀಚೆಗೆ ಒಂದೆರಡು ನಡೆದಿವೆ. ನ್ಯೂಯಾರ್ಕ್ ರಾಜ್ಯದಲ್ಲಿ ಕ್ರಿಯೇಟಿವ್ಸ್ ರೀಬಿಲ್ಡ್ ನ್ಯೂಯಾರ್ಕ್ ಎಂಬ ಸಂಸ್ಥೆ 2022ರಿಂದ 2,400 ಕಲಾವಿದರಿಗೆ 18 ತಿಂಗಳ ಕಾಲ ತಿಂಗಳಿಗೆ 1,000 ಡಾಲರ್ ಷರತ್ತಿಲ್ಲದೆ ಕೊಟ್ಟಿತು; ಅವಧಿ ಮುಗಿಯಿತು, ಹಣವೂ ಮುಗಿಯಿತು. ಐರ್ಲೆಂಡ್ 2022ರಲ್ಲಿ 2,000 ಮಂದಿಗೆ ವಾರಕ್ಕೆ 325 ಯೂರೊ ಕೊಡಲಾರಂಭಿಸಿ, ಪ್ರಯೋಗದ ಅವಧಿ ಮುಗಿದ ಮೇಲೆ 2026ರಿಂದ ಅದರ ಜಾಗದಲ್ಲಿ ಕಾಯಂ ವ್ಯವಸ್ಥೆ ತರುವುದಾಗಿ 2025ರಲ್ಲಿ ಹೇಳಿತು. ಎರಡೂ ಶ್ರೀಮಂತ ನಾಡುಗಳು.

ಸಿಸ್ಟ್ರೆನ್ ಇಂದಿಗೂ ಅಳಿದಿಲ್ಲ. ಕೂಟದ ಆರಂಭದ ದಿನಗಳಿಂದ ಇದ್ದ ಲಾನಾ ಫಿನಿಕಿನ್ ಅದರ ಕಾರ್ಯನಿರ್ವಾಹಕ ನಿರ್ದೇಶಕಿಯಾಗಿ ಮುನ್ನಡೆಸಿದ ವರ್ಷಗಳಲ್ಲಿ ಅದರ ಕೆಲಸ ದೊಡ್ಡ ರಂಗಪ್ರಯೋಗಗಳಿಂದ ಸರಿದು, ಕಿಂಗ್‌ಸ್ಟನ್ನಿನ ಹಿಂಸೆ ತುಂಬಿದ ಬಡಾವಣೆಗಳಲ್ಲಿ ಸಮುದಾಯ ಕಾರ್ಯಾಗಾರಗಳ ಕಡೆಗೆ ಹೋಯಿತು. ಅಲ್ಲಿಯೂ ಕಥೆ ಹೇಳುವುದು, ಎದ್ದು ನಿಂತು ಆಡಿ ತೋರಿಸುವುದು, ತಡೆದು ತಿದ್ದುವುದು ಉಳಿದಿದೆ. ಅದಕ್ಕೆ ಹಣ ಬರುವ ಹೊತ್ತಿಗೆ ತಲೆಬರಹ ಮಾತ್ರ ‘ಹಿಂಸೆ ತಡೆ’ ಎಂದಿರುತ್ತದೆ, ‘ನಾಟಕ’ ಎಂದಲ್ಲ.